ಎದೆ ಬಿಟ್ಟು ನಿಲ್ಲುವ ವೇಸ್ಟ್‌ಕೋಟ್: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಹೋದ ಮದುವೆ ಸೀಸನ್ನಿನಲ್ಲಿ ಒಬ್ಬ ಹುಡುಗ ಅಪ್ಪನ ಜೊತೆ ಅಂಗಡಿಗೆ ಬಂದ. ಕೈಯಲ್ಲಿ ಬೇರೆ ಕಡೆ ಹೊಲಿಸಿದ ತ್ರೀ ಪೀಸ್ ಸೂಟು. ಕೋಟು ಚೆನ್ನಾಗಿತ್ತು. ಪ್ಯಾಂಟಿಗೂ ಏನೂ ಆಗಿರಲಿಲ್ಲ. ವೇಸ್ಟ್‌ಕೋಟು ಮಾತ್ರ ವಿ ಕುತ್ತಿಗೆಯ ಅಂಚಿನಲ್ಲಿ ಎದೆ ಬಿಟ್ಟು ನಿಂತಿತ್ತು. ಒಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು.

"ಮಾಸ್ಟ್ರೇ, ಎರಡು ಸಲ ಸೈಡ್ ಹಿಡಿಸಿದ್ದೀವಿ. ಹಿಡಿಸಿದಷ್ಟೂ ಜಾಸ್ತಿ ಬಾಯಿ ಬಿಡ್ತಿದೆ" ಅಂದರು ಅಪ್ಪ.

"ಸೈಡಲ್ಲಿ ಏನೂ ತಪ್ಪಿಲ್ಲ ಸರ್. ಮೊದಲು ಬಟನ್ ಎಲ್ಲಾ ಬಿಚ್ಚಿ, ಹಿಂದಿನ ಬೆಲ್ಟನ್ನೂ ಸಡಿಲ ಮಾಡಿ" ಅಂದೆ.

ಆ ಹುಡುಗನ ವೇಸ್ಟ್‌ಕೋಟನ್ನು ಹೇಗೆ ನೋಡಿದೆ, ಏನು ಮಾಡಿದೆ ಅನ್ನೋದನ್ನು ಹೇಳುತ್ತಲೇ ಈ ಉಡುಪಿನಲ್ಲಿ ಬರುವ ಬೇರೆ ದೋಷಗಳನ್ನೂ ಹೇಳುತ್ತೇನೆ. ಹೊಲಿಯುವವರಿಗೆ ಉಪಯೋಗ ಆಗುತ್ತದೆ. ಹೊಲಿಸುವವರಿಗೂ, ಟ್ರಯಲ್ ದಿನ ಕನ್ನಡಿ ಮುಂದೆ ನಿಂತಾಗ ಏನು ನೋಡಬೇಕು ಅಂತ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ನಮ್ಮಲ್ಲಿ ಕುರ್ತಾ ಮೇಲೆ ಹಾಕುವ ನೆಹರೂ ಜಾಕೆಟ್ಟಿಗೂ ವೇಸ್ಟ್‌ಕೋಟ್ ಅಂತಾರೆ. ಅದು ಬೇರೆ ಉಡುಪು. ಅದರ ಕುತ್ತಿಗೆ ಮುಚ್ಚಿರುತ್ತದೆ, ಬೆನ್ನಿಗೂ ಮುಂದಿನ ಬಟ್ಟೆಯೇ ಇರುತ್ತದೆ. ನಾನು ಹೇಳುತ್ತಿರುವುದು ಸೂಟಿನ ಕೋಟಿನೊಳಗೆ ಹಾಕುವ, ಇಂಗ್ಲೆಂಡಿನ ಟೈಲರ್‌ಗಳು ರೂಢಿಗೆ ತಂದ ವೇಸ್ಟ್‌ಕೋಟಿನ ಬಗ್ಗೆ.

ಒಳಗೆ ಏನಿದೆ

ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ 1666ರ ಅಕ್ಟೋಬರಿನಲ್ಲಿ ತನ್ನ ಆಸ್ಥಾನಕ್ಕೆ 'ವೆಸ್ಟ್' ಅನ್ನೋ ಉಡುಪನ್ನು ತಂದ. ಅದೇ ಕಾಲದ ಸರ್ಕಾರಿ ಅಧಿಕಾರಿ ಸ್ಯಾಮ್ಯುಯಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಆಗ ಅದು ಮೊಣಕಾಲಿನ ಹತ್ತಿರ ಬರುವಷ್ಟು ಉದ್ದ ಇತ್ತು. ಮುಂದಿನ ನೂರು ವರ್ಷಗಳಲ್ಲಿ ಮೆಲ್ಲಗೆ ಮೇಲಕ್ಕೆ ಬಂತು, ತೋಳು ಹೋಯಿತು. ಬೆನ್ನು ಹೇಗೂ ಕೋಟಿನೊಳಗೆ ಮುಚ್ಚಿಹೋಗುತ್ತದೆ ಅಂತ ಅಲ್ಲಿಗೆ ಅಗ್ಗದ ಬಟ್ಟೆ ಹಾಕುವ ರೂಢಿಯೂ ಬಂತು. ಇವತ್ತಿಗೂ ವೇಸ್ಟ್‌ಕೋಟಿನ ಮುಂಭಾಗ ಸೂಟಿನ ಉಣ್ಣೆ ಬಟ್ಟೆ, ಬೆನ್ನು ಬರೀ ಲೈನಿಂಗ್.

ದೋಷ ಹುಡುಕುವವರು ಇದನ್ನು ಮರೆಯಬಾರದು. ಒಂದೇ ಉಡುಪಿನಲ್ಲಿ ಎರಡು ಸ್ವಭಾವದ ಬಟ್ಟೆ ಇವೆ. ಮುಂದೆ ದಪ್ಪ ಬಟ್ಟೆ, ಅದರ ಹಿಂದೆ ಆಕಾರ ಹಿಡಿಯುವ ಗಡಸು ಬಟ್ಟೆ ಅಂದರೆ ಕ್ಯಾನ್ವಾಸ್, ಅಂಚಿಗೆ ಟೇಪು, ಅಂಚಿನ ಒಳಬದಿಗೆ ಅದೇ ಬಟ್ಟೆಯ ಫೇಸಿಂಗ್ ಪಟ್ಟಿ, ಆಮೇಲೆ ಲೈನಿಂಗ್. ಹಿಂದೆ ಜಾರುವ ಸ್ಯಾಟಿನ್ ಥರದ ಬಟ್ಟೆ ಎರಡು ಪದರ. ಮುಂಭಾಗ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುತ್ತದೆ. ಬೆನ್ನು ಮೈ ಹೇಳಿದ ಹಾಗೆ ಕೇಳುತ್ತದೆ. ಇವೆರಡೂ ಸೇರುವುದು ಭುಜದಲ್ಲಿ ಮತ್ತು ಪಕ್ಕದಲ್ಲಿ, ಅಷ್ಟೇ. ತೋಳಿಲ್ಲ, ಕಾಲರಿಲ್ಲ. ಕೋಟಿನಲ್ಲಾದರೆ ಸಣ್ಣ ತಪ್ಪುಗಳನ್ನು ತೋಳು, ಕಾಲರು, ಭುಜದ ಪ್ಯಾಡು ಮುಚ್ಚಿಹಾಕುತ್ತವೆ. ಇಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ. ಅದಕ್ಕೇ ಭುಜದಲ್ಲಿ ಕಾಲಿಂಚು ಹೆಚ್ಚುಕಮ್ಮಿ ಆದರೂ ಅದು ಎದೆಯಲ್ಲೋ ಹೊಟ್ಟೆಯ ಹತ್ತಿರವೋ ಎದ್ದು ಕಾಣುತ್ತದೆ.

ಹಾಕಿಸಿ ನೋಡುವ ಮುಂಚೆ

ಗಿರಾಕಿ ಫಂಕ್ಷನ್ ದಿನ ಯಾವ ಶರ್ಟು, ಯಾವ ಪ್ಯಾಂಟು ಹಾಕುತ್ತಾರೋ ಅದನ್ನೇ ಹಾಕಿಸಿ. ಜೇಬಿನಿಂದ ಫೋನು, ಪರ್ಸು ತೆಗೆಸಿ. ವೇಸ್ಟ್‌ಕೋಟಿನ ಎಲ್ಲಾ ಬಟನ್ ಬಿಚ್ಚಿಸಿ, ಬೆನ್ನಿನ ಬೆಲ್ಟನ್ನು, ಅಂದರೆ ಸೊಂಟದ ಹತ್ತಿರ ಬಿಗಿ ಮಾಡುವ ಪಟ್ಟಿಯನ್ನು, ಪೂರ್ತಿ ಸಡಿಲ ಮಾಡಿ. ಆಮೇಲೆ "ನೆಟ್ಟಗೆ ನಿಂತ್ಕೊಳ್ಳಿ" ಅಂತ ಮಾತ್ರ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ಎಲ್ಲರೂ ಎದೆ ಉಬ್ಬಿಸಿ ನಿಲ್ಲುತ್ತಾರೆ, ನಿಮಗೆ ಕಾಣಬೇಕಾದ ಮೈ ಕಾಣುವುದಿಲ್ಲ. ಊಟ ಆಯ್ತಾ, ಮದುವೆ ಎಲ್ಲಿ, ಎಷ್ಟು ಜನ ಅಂತ ಮಾತಿಗೆಳೆಯಿರಿ. ಎರಡು ನಿಮಿಷದಲ್ಲಿ ಮನುಷ್ಯ ತನ್ನ ಸಹಜ ನಿಲುವಿಗೆ ಬರುತ್ತಾನೆ. ಆಗ ನೋಡಿ.

ಮೊದಲು ಎರಡು ಮುಂಭಾಗಗಳು ಬಟನ್ ಇಲ್ಲದೆ ಹೇಗೆ ಜೋತುಬಿದ್ದಿವೆ ಅಂತ ನೋಡಬೇಕು. ಎರಡೂ ಅಂಚು ಮೇಲಿಂದ ಕೆಳಗೆ ಒಂದೇ ಸಮ ಇಳಿದಿದ್ದರೆ ಮುಂದಿನ ಉದ್ದ, ಹಿಂದಿನ ಉದ್ದ ಆ ಮೈಗೆ ಹೊಂದಿದೆ. ನಾವು ಇದನ್ನು ಬ್ಯಾಲೆನ್ಸ್ ಅಂತೀವಿ. ಕೆಳಗೆ ಎರಡೂ ತುದಿಗಳು ಒಂದರ ಮೇಲೊಂದು ಹತ್ತಿ ಕೂತರೆ ಮುಂಭಾಗ ಉದ್ದ ಜಾಸ್ತಿ, ಇಲ್ಲವೇ ಬೆನ್ನು ಗಿಡ್ಡ. ಕೆಳಗೆ ಒಂದಕ್ಕೊಂದು ದೂರ ಸರಿದು ಬಾಯಿ ತೆರೆದರೆ ಮುಂಭಾಗ ಗಿಡ್ಡ, ಇಲ್ಲವೇ ಬೆನ್ನು ಉದ್ದ.

ಇಷ್ಟನ್ನು ನೋಡದೆ ಪಿನ್ ಕೈಗೆ ತಗೋಬೇಡಿ. ಬಟನ್ ಹಾಕಿದ ಮೇಲೆ ಒಂದು ದೋಷ ಇನ್ನೊಂದರ ಜೊತೆ ಬೆರೆತುಹೋಗುತ್ತದೆ.

ಆ ಹುಡುಗನ ವೇಸ್ಟ್‌ಕೋಟಿನ ತುದಿಗಳು ಒಂದರ ಮೇಲೊಂದು ಹತ್ತಿದ್ದವು. ಒಂದು ಇಂಚಿಗೂ ಜಾಸ್ತಿ. ಪಕ್ಕಕ್ಕೆ ಬಂದು ನೋಡಿದೆ. ಕುತ್ತಿಗೆ ಮುಂದೆ ಚಾಚಿತ್ತು, ಬೆನ್ನಿನ ಮೇಲ್ಭಾಗ ಸ್ವಲ್ಪ ಗುಂಡಗೆ ಬಂದಿತ್ತು. ದಿನಾ ಕಂಪ್ಯೂಟರ್ ಮುಂದೆ ಕೂರುವ ಹುಡುಗರಲ್ಲಿ ಈ ನಿಲುವು ನನಗೆ ಈಗೀಗ ತುಂಬಾ ಕಾಣುತ್ತದೆ. ಎದೆ ಮತ್ತು ಸೊಂಟದ ಅಳತೆ ತಗೊಂಡರೆ ಇದು ಗೊತ್ತಾಗುವುದೇ ಇಲ್ಲ. ಟೇಪು ಸುತ್ತಳತೆ ಹೇಳುತ್ತದೆ, ನಿಲುವು ಹೇಳುವುದಿಲ್ಲ. ಹೊಲಿದವರು ಸುತ್ತಳತೆಯನ್ನು ಸರಿಯಾಗಿಯೇ ತಗೊಂಡಿದ್ದರು.

ಮೇಜಿನ ಮೇಲೆ ಒಂದು ಪರೀಕ್ಷೆ

ಮೈ ಮೇಲೆ ನೋಡಿದ ನಂತರ ವೇಸ್ಟ್‌ಕೋಟನ್ನು ಬಿಚ್ಚಿಸಿ ಕಟಿಂಗ್ ಮೇಜಿನ ಮೇಲೆ ಮಲಗಿಸಿ. ಒಂದು ಮುಂಭಾಗವನ್ನು ಒಳಮೈ ಕೆಳಗೆ ಬರುವಂತೆ ಹರಡಿ, ಅಂಗೈಯಲ್ಲಿ ಮೆಲ್ಲಗೆ ಸವರಿ. ಎಳೆಯಬೇಡಿ. ಈಗ ಕುತ್ತಿಗೆಯ ಅಂಚನ್ನು ನೋಡಿ.

ಮೇಜಿನ ಮೇಲೂ ಆ ಅಂಚು ಅಲೆ ಅಲೆಯಾಗಿ ಎದ್ದಿದೆಯಾ? ಹಾಗಿದ್ದರೆ ಬಟ್ಟೆ ಹಿಗ್ಗಿದೆ. ಅದು ಹೊಲಿಗೆಯಲ್ಲಿ ಬಂದ ದೋಷ. ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿ, ಮೈ ಮೇಲೆ ಮಾತ್ರ ಬಾಯಿ ಬಿಡುತ್ತದೆಯಾ? ಹಾಗಿದ್ದರೆ ಹೊಲಿಗೆಗೆ ಏನೂ ಆಗಿಲ್ಲ, ಕಟಿಂಗ್ ಆ ಮೈಗೆ ಹೊಂದಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಬಟ್ಟೆ ಹಾಳಾಗುತ್ತದೆ. ಈ ಒಂದು ಪರೀಕ್ಷೆಯನ್ನು ರೂಢಿ ಮಾಡಿಕೊಂಡ ಮೇಲೆ ನಾನು ಸುಮ್ನೆ ಬಿಚ್ಚಿ ಹೊಲಿಯುವ ಕೆಲಸ ಅರ್ಧಕ್ಕರ್ಧ ಕಮ್ಮಿ ಆಯಿತು.

ಅಂಚು ಯಾಕೆ ಹಿಗ್ಗುತ್ತದೆ ಅಂತ ಕೇಳಿದರೆ, ವಿ ಕುತ್ತಿಗೆಯ ಅಂಚು ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ್ದು. ಓರೆ ಅಂಚು ರಬ್ಬರಿನ ಹಾಗೆ. ಕತ್ತರಿಸಿ ಮೇಜಿನಿಂದ ಜೋತುಬಿಟ್ಟರೂ ಸಾಕು, ಉದ್ದ ಆಗುತ್ತದೆ. ಅದಕ್ಕೇ ಹಳೇ ಪದ್ಧತಿಯಲ್ಲಿ ಆ ಅಂಚಿನ ಉದ್ದಕ್ಕೂ ಸಣ್ಣ ನಾರಿನ ಟೇಪು ಹಾಕಿ ಕ್ಯಾನ್ವಾಸಿಗೆ ಕೈಹೊಲಿಗೆ ಹಾಕುತ್ತಾರೆ. ಟೇಪು ಅಂಚಿಗಿಂತ ಕಾಲಿಂಚು ಗಿಡ್ಡ ಇರಬೇಕು. ಹೆಚ್ಚಾದ ಬಟ್ಟೆಯನ್ನು ಎದೆಯ ಉಬ್ಬಿನ ಹತ್ತಿರ ಸ್ವಲ್ಪ ಸ್ವಲ್ಪವೇ ಟೇಪಿಗೆ ಕುಗ್ಗಿಸಿ, ಹಬೆ ಕೊಟ್ಟು ಇಸ್ತ್ರಿಯಲ್ಲಿ ಕೂರಿಸುತ್ತಾರೆ. ಆಗ ಅಂಚು ಎದೆಯನ್ನು ಅಪ್ಪಿಕೊಳ್ಳುತ್ತದೆ. ಬೇಗ ಮುಗಿಸಿದ ಕೆಲಸದಲ್ಲಿ ಈ ಟೇಪು ಇರುವುದಿಲ್ಲ, ಅಥವಾ ಸಮ ಉದ್ದಕ್ಕೆ ಹಾಕಿರುತ್ತಾರೆ.

ಹಿಗ್ಗಿದ ಅಂಚನ್ನು ಸರಿಪಡಿಸಲು ಫೇಸಿಂಗ್ ಪಟ್ಟಿಯನ್ನು ಕುತ್ತಿಗೆಯ ಉದ್ದಕ್ಕೆ ಬಿಚ್ಚಿ, ಟೇಪು ಹಾಕಿ, ಕುಗ್ಗಿಸಿ ಮತ್ತೆ ಮುಚ್ಚಬೇಕು. ಒಂದೂವರೆ ಗಂಟೆಯ ಕೆಲಸ. ಆದರೆ ಇಲ್ಲಿ ಬಟ್ಟೆಯ ಜಾತಿ ನೋಡಿ. ಪೂರ್ತಿ ಉಣ್ಣೆ ಹಬೆಗೆ ಕುಗ್ಗುತ್ತದೆ. ಪಾಲಿಯೆಸ್ಟರ್ ಬೆರೆತ ಟೆರಿವುಲ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ. ಕೆಲಸ ಕಲಿತ ಹೊಸದರಲ್ಲಿ ಒಂದು ಕಡು ನೀಲಿ ಟೆರಿವುಲ್ ಮೇಲೆ ಹಟ ಹಿಡಿದು ಇಸ್ತ್ರಿ ಒತ್ತಿದ್ದೆ. ಅಂಚು ಇದ್ದ ಹಾಗೇ ಇತ್ತು. ಒತ್ತಿದ ಜಾಗ ಮಾತ್ರ ಹೊಳಪು ಬಂದು, ಬೆಳಕಿಗೆ ಹಿಡಿದರೆ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತೇ ಕಾಣುತ್ತಿತ್ತು. ಆ ಮುಂಭಾಗವನ್ನು ಹೊಸದಾಗಿ ಕತ್ತರಿಸಿ ಕೊಟ್ಟೆ. ಅಂಥ ಬಟ್ಟೆಗೆ ಈಗ ಇಸ್ತ್ರಿಯನ್ನು ನಂಬುವುದಿಲ್ಲ. ಕತ್ತರಿಸುವಾಗಲೇ ಎದೆಯ ಆಕಾರವನ್ನು ಸೊಂಟದ ಡಾರ್ಟಿನಲ್ಲಿ, ಅಂದರೆ ಬಟ್ಟೆಯನ್ನು ಚೂಪಾಗಿ ಮಡಿಸಿ ಹೊಲಿಯುವ ಕಡೆ, ತರುತ್ತೇನೆ. ಮೇಲೆ ಯಾವಾಗಲೂ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಒತ್ತುತ್ತೇನೆ.

ಹುಡುಗನ ವೇಸ್ಟ್‌ಕೋಟಿಗೆ ಏನು ಮಾಡಿದೆ

ಮೇಜಿನ ಮೇಲೆ ಅವನದು ಹಪ್ಪಳದ ಹಾಗೆ ಚಪ್ಪಟೆಯಾಗಿ ಮಲಗಿತು. ಅಂದರೆ ತಪ್ಪು ಉದ್ದದ್ದು.

ಮತ್ತೆ ಹಾಕಿಸಿ, ನಡುವಿನ ಒಂದು ಬಟನ್ ಮಾತ್ರ ಹಾಕಿದೆ. ಕುತ್ತಿಗೆಯ ಅಂಚಿನ ನಡುಮಧ್ಯೆ ಬಟ್ಟೆಯನ್ನು ಅಡ್ಡಕ್ಕೆ ಚಿವುಟಿ ಹಿಡಿದೆ. ಚಿವುಟಿದ ಮಡಿಕೆ ಕಂಕುಳ ಕಡೆಗೆ ಹೋಗುತ್ತಾ ಸಣ್ಣದಾಗಿ ಸೊನ್ನೆ ಆಯಿತು. ಅಂಚು ಎದೆಗೆ ಕೂತಿತು. ಪಿನ್ ಹಾಕಿ ಅಳೆದರೆ ಅಂಚಿನಲ್ಲಿ ಒಟ್ಟು 5/8 ಇಂಚು.

ಈ ಮಡಿಕೆಯ ಆಕಾರ ನೋಡುವುದು ಮುಖ್ಯ. ಕಂಕುಳ ತನಕ ಒಂದೇ ಸಮ ಹಿಡಿಯಬೇಕಾಗಿ ಬಂದರೆ ಇಡೀ ಮುಂಭಾಗವೇ ಉದ್ದ ಇದೆ, ಇಡೀ ಭುಜದ ಹೊಲಿಗೆಯಲ್ಲಿ ಹಿಡಿಯಬೇಕು. ಅಂಚಿನಲ್ಲಿ ದಪ್ಪ, ಕಂಕುಳಲ್ಲಿ ಸೊನ್ನೆ ಅಂದರೆ ಭುಜದ ಹೊಲಿಗೆಯ ಕುತ್ತಿಗೆ ತುದಿಯಲ್ಲಿ ಮಾತ್ರ ಹಿಡಿಯಬೇಕು, ಭುಜದ ಹೊರ ತುದಿಯನ್ನು ಮುಟ್ಟಬಾರದು. ಮುಟ್ಟಿದರೆ ತೋಳು ತೂರಿಸುವ ಆರ್ಮ್‌ಹೋಲ್ ಕಂಕುಳನ್ನು ಕೊಯ್ಯುತ್ತದೆ.

ಸೈಡ್ ಹಿಡಿದಾಗ ಯಾಕೆ ಜಾಸ್ತಿ ಬಾಯಿ ಬಿಟ್ಟಿತು ಅನ್ನೋದು ಈಗ ಅರ್ಥ ಆಗುತ್ತದೆ. ಸೊಂಟ ಸಡಿಲ ಇದ್ದಾಗ ಮುಂಭಾಗದ ಹೆಚ್ಚಿನ ಉದ್ದ ಕೆಳಕ್ಕೆ ಜಾರಿ ಹೋಗುತ್ತಿತ್ತು. ಸೊಂಟವನ್ನು ಬಿಗಿ ಮಾಡಿದ ಕೂಡಲೇ ಕೆಳಗಿನ ದಾರಿ ಮುಚ್ಚಿತು. ಆ ಉದ್ದ ಮೇಲೆಯೇ ಉಳಿದು, ಹಿಡಿತ ಇಲ್ಲದ ಕುತ್ತಿಗೆಯ ಅಂಚಿನಿಂದ ಹೊರಕ್ಕೆ ಬಂತು. ಬೆಲ್ಟ್ ಬಿಗಿ ಮಾಡಿದರೂ ಇದೇ ಕತೆ.

5/8 ಇಂಚನ್ನೂ ಮುಂಭಾಗದಿಂದಲೇ ಹಿಡಿಯಲಿಲ್ಲ. ಹಿಡಿದರೆ ಕೆಳಗಿನ ತುದಿ ಅಷ್ಟೂ ಮೇಲೆ ಏರುತ್ತದೆ. ಮೊದಲು ಬೆನ್ನಿನ ಕಡೆ ಭುಜದ ಹೊಲಿಗೆ ಬಿಚ್ಚಿ ನೋಡಿದೆ. ಒಳಗೆ 3/8 ಇಂಚು ಬಟ್ಟೆ ಬಿಟ್ಟಿದ್ದರು. ಯಾರೋ ಗೊತ್ತಿಲ್ಲ, ಆ ಬಟ್ಟೆ ಬಿಟ್ಟವರಿಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ. ಬೆನ್ನಿನ ಕುತ್ತಿಗೆ ತುದಿಯಲ್ಲಿ ಕಾಲಿಂಚು ಬಿಟ್ಟೆ. ಉಳಿದ 3/8 ಇಂಚನ್ನು ಮುಂಭಾಗದ ಕುತ್ತಿಗೆ ತುದಿಯಲ್ಲಿ ಹಿಡಿದೆ. ಎರಡನ್ನೂ ಭುಜದ ಹೊರ ತುದಿಗೆ ಸೊನ್ನೆ ಮಾಡಿದೆ. ಬೆನ್ನಿನ ಕುತ್ತಿಗೆ ಪಟ್ಟಿಯನ್ನು ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಹಿಂದೆ ಎರಡು ಸಲ ಹಿಡಿದಿದ್ದ ಸೈಡನ್ನು ಪೂರ್ತಿ ಬಿಟ್ಟೆ.

ಕಚ್ಚಾ ಹೊಲಿಗೆಯಲ್ಲೇ ಹಾಕಿಸಿ ನೋಡಿದೆವು. ಬಟನ್ ಇಲ್ಲದೆ ಎರಡೂ ಅಂಚು ನೇರ ಇಳಿದವು. ಬಟನ್ ಹಾಕಿದ ಮೇಲೆ ಬೆರಳು ಒಳಗೆ ಹೋಗಲಿಲ್ಲ. ಹುಡುಗ ಕನ್ನಡಿಯಲ್ಲಿ ನೋಡಿಕೊಂಡು ಏನೂ ಮಾತಾಡಲಿಲ್ಲ, ಫೋನ್ ತೆಗೆದು ಫೋಟೋ ಹೊಡೆದುಕೊಂಡ.

ಕೆಳಗಿನ ತುದಿ ಹೊಟ್ಟೆ ಬಿಟ್ಟು ಎದ್ದರೆ

ಇದೂ ತುಂಬಾ ಬರುವ ದೂರು. ಎರಡು ಚೂಪು ತುದಿಗಳು ಹೊಟ್ಟೆಗೆ ಒರಗದೆ ಹಕ್ಕಿಯ ಕೊಕ್ಕಿನ ಹಾಗೆ ಮುಂದಕ್ಕೆ ಎದ್ದು ನಿಲ್ಲುತ್ತವೆ.

ಮತ್ತೆ ಮೇಜಿಗೆ ಬನ್ನಿ. ಮೇಜಿನ ಮೇಲೂ ತುದಿ ಮೇಲಕ್ಕೆ ಸುರುಟಿದರೆ ತಪ್ಪು ಫೇಸಿಂಗ್ ಪಟ್ಟಿಯದು. ಒಳಗಿನ ಪದರ ಹೊರಗಿನದಕ್ಕಿಂತ ಉದ್ದ ಇದ್ದರೆ ತುದಿ ಹೊರಕ್ಕೆ ತಿರುಗುತ್ತದೆ. ಒಳಗಿನದು ಒಂಚೂರು ಗಿಡ್ಡ ಇದ್ದರೆ ತುದಿ ಮೈ ಕಡೆಗೆ ಬಾಗುತ್ತದೆ. ನಮಗೆ ಬೇಕಾದದ್ದು ಎರಡನೆಯದು. ತೋರುಬೆರಳ ಮೇಲೆ ತುದಿಯನ್ನು ಬಾಗಿಸಿ ಹಿಡಿದರೆ ಒಳಪಟ್ಟಿ ಎಷ್ಟು ಹೆಚ್ಚಿದೆ ಅಂತ ಕಾಣುತ್ತದೆ. ಸಾಮಾನ್ಯವಾಗಿ 1/8 ಇಂಚಿಗಿಂತ ಕಮ್ಮಿಯೇ ಇರುತ್ತದೆ. ತುದಿಯನ್ನು ಬಿಚ್ಚಿ, ಅಷ್ಟನ್ನು ಕತ್ತರಿಸಿ, ಒಳಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿದು ಹೊಲಿದರೆ ಸಾಕು. ತಿರುವುವ ಮುಂಚೆ ಮೂಲೆಯಲ್ಲಿನ ಒಳಬಟ್ಟೆಯನ್ನು ಪದರ ಪದರವಾಗಿ ಕಮ್ಮಿ ಮಾಡಿ, ಇಲ್ಲದಿದ್ದರೆ ಮೂಲೆ ಗಂಟು ಕಟ್ಟಿದ ಹಾಗೆ ದಪ್ಪ ಆಗುತ್ತದೆ.

ಮೇಜಿನ ಮೇಲೆ ಸರಿ ಇದ್ದು ಮೈ ಮೇಲೆ ಏಳುತ್ತದೆಯಾ? ಗಿರಾಕಿಗೆ ಸೊಂಟದಿಂದ ಒಂಚೂರು ಮುಂದೆ ಬಾಗಲು ಹೇಳಿ. ಬಾಗಿದಾಗ ತುದಿ ಹೊಟ್ಟೆಗೆ ಕೂತರೆ ಮುಂಭಾಗ ಗಿಡ್ಡ. ಎದೆ ಮುಂದೆ ಮಾಡಿ ನೆಟ್ಟಗೆ ನಿಲ್ಲುವವರಿಗೆ, ಹೊಟ್ಟೆ ಇರುವವರಿಗೆ ಹೀಗಾಗುತ್ತದೆ. ನೆಟ್ಟಗೆ ನಿಲ್ಲುವವರಾದರೆ ಬೆನ್ನಿನಲ್ಲಿ ಕುತ್ತಿಗೆಯ ಕೆಳಗೆ ಅಡ್ಡ ಮಡಿಕೆ ಬಿದ್ದಿರುತ್ತದೆ, ಅದೇ ಸಾಕ್ಷಿ. ಹೊಲಿದು ಮುಗಿದ ಮುಂಭಾಗದಲ್ಲಿ ಬಿಡುವುದಕ್ಕೆ ಬಟ್ಟೆ ಸಿಗುವುದು ಅಪರೂಪ. ಅದಕ್ಕೆ ಬೆನ್ನಿನ ಕಡೆಯಿಂದ ಭುಜದಲ್ಲಿ ಹಿಡಿಯಿರಿ. ಮುಂದೆ ಕೂಡಿಸಿದರೂ ಹಿಂದೆ ಕಳೆದರೂ ಲೆಕ್ಕ ಒಂದೇ.

ಹೊಟ್ಟೆ ಇರುವವರಿಗೆ ಈ ಉಪಾಯ ಪೂರ್ತಿ ನಡೆಯುವುದಿಲ್ಲ. ಅವರಿಗೆ ಉದ್ದ ಬೇಕಾಗಿರುವುದು ಹೊಟ್ಟೆಯ ಮೇಲೆ ಮಾತ್ರ. ಕತ್ತರಿಸುವಾಗಲೇ ಜೇಬಿನ ಬಾಯಿಯ ಗೆರೆಯಲ್ಲಿ ಸಣ್ಣ ಅಡ್ಡ ಡಾರ್ಟ್ ತೆಗೆದು ಹೊಟ್ಟೆಗೆ ಜಾಗ ಮಾಡುವುದು ಹಳೇ ಪದ್ಧತಿ. ಜೇಬಿನ ಪಟ್ಟಿ ಅದನ್ನು ಮುಚ್ಚುತ್ತದೆ. ಆಮೇಲೆ ಮಾಡಲು ಆಗುವುದಿಲ್ಲ. ಅದನ್ನು ಗಿರಾಕಿಗೆ ನೇರ ಹೇಳಿಬಿಡಿ.

ಮೂರನೇ ಕಾರಣ ಪಕ್ಕದ ಸೀಳು. ಪಕ್ಕದ ಹೊಲಿಗೆಯ ಕೆಳತುದಿಯಲ್ಲಿ ಒಂದು ಇಂಚಿನಷ್ಟು ಸೀಳು ಬಿಡುವುದು ಚೆಂದಕ್ಕಲ್ಲ, ಸೊಂಟದ ಕೆಳಗೆ ಮೈ ಅಗಲ ಆಗುವ ಜಾಗಕ್ಕೆ ಬಿಡುವು ಕೊಡಲು. ಅದನ್ನು ಮುಚ್ಚಿ ಹೊಲಿದಿದ್ದರೆ ಬಿಚ್ಚಿ ನೋಡಿ. ಕೆಲವು ಸಲ ಅಷ್ಟಕ್ಕೇ ತುದಿ ಕೂರುತ್ತದೆ.

ಸೊಂಟದಲ್ಲಿ ಶರ್ಟು ಇಣುಕಿದರೆ

ವೇಸ್ಟ್‌ಕೋಟನ್ನು ಬೈಯುವ ಮುಂಚೆ ಪ್ಯಾಂಟು ನೋಡಿ. ಈ ಉಡುಪು ರೂಪ ಪಡೆದದ್ದು ಪ್ಯಾಂಟನ್ನು ಹೊಕ್ಕುಳ ಹತ್ತಿರ ಹಾಕಿ, ಭುಜದ ಮೇಲಿನ ಬ್ರೇಸಸ್ ಪಟ್ಟಿಯಿಂದ ಎತ್ತಿ ಹಿಡಿಯುತ್ತಿದ್ದ ಕಾಲದಲ್ಲಿ. ಈಗಿನ ಹುಡುಗರ ಪ್ಯಾಂಟು ಅದಕ್ಕಿಂತ ಎರಡು ಮೂರು ಇಂಚು ಕೆಳಗೆ ಕೂರುತ್ತದೆ. ವೇಸ್ಟ್‌ಕೋಟನ್ನು ಅಷ್ಟು ಉದ್ದ ಮಾಡಲು ಹೋದರೆ ಕುಪ್ಪಸ ಹೋಗಿ ಅಂಗಿ ಆಗುತ್ತದೆ. ಪ್ಯಾಂಟನ್ನು ಎತ್ತರದ ಸೊಂಟಕ್ಕೆ ಹೊಲಿಸುವುದೇ ಸರಿಯಾದ ದಾರಿ. ಬೆಲ್ಟಿನ ಬಕಲ್ ಕೂಡ ವೇಸ್ಟ್‌ಕೋಟಿನ ಕೆಳಗೆ ಉಬ್ಬಿ ತುದಿಯನ್ನು ಎತ್ತುತ್ತದೆ. ಬೆಲ್ಟ್ ಬಿಟ್ಟು ಬ್ರೇಸಸ್ ಹಾಕಿಸಿ ನೋಡಿ, ಎಷ್ಟೋ ದೂರು ಅಲ್ಲೇ ಮುಗಿಯುತ್ತದೆ.

ಅಳತೆ ತಗೊಳ್ಳುವಾಗ ಹಿಂದಿನ ಕುತ್ತಿಗೆಯ ಮೂಳೆಯಿಂದ ಶುರು ಮಾಡಿ, ಕುತ್ತಿಗೆ ಪಕ್ಕದಿಂದ ಮುಂದೆ ತಂದು, ಮೊದಲ ಬಟನ್ ತನಕ ಒಂದು ಅಳತೆ, ಮುಂದಿನ ತುದಿ ತನಕ ಇನ್ನೊಂದು. ಭುಜದಿಂದ ಸುಮ್ನೆ ಕೆಳಕ್ಕೆ ಅಳೆದರೆ ನಿಲುವಿನ ವ್ಯತ್ಯಾಸ ಟೇಪಿಗೆ ಸಿಗುವುದಿಲ್ಲ.

ಇನ್ನು ಕೆಳಗಿನ ಕೊನೇ ಬಟನ್. ಅದನ್ನು ಹಾಕಿದಾಗ ಸುತ್ತ ಸುಕ್ಕು ಬರುತ್ತದೆ ಅಂತ ದೂರು ಬಂದರೆ ಅದು ದೋಷವೇ ಅಲ್ಲ. ಅದನ್ನು ಬಿಚ್ಚಿಯೇ ಇಡಬೇಕು. ಏಳನೇ ಎಡ್ವರ್ಡ್ ದೊರೆಯ ಹೊಟ್ಟೆ ದಪ್ಪ ಇದ್ದುದರಿಂದ ಈ ರೂಢಿ ಬಂತು ಅಂತ ಇಂಗ್ಲೆಂಡಿನಲ್ಲಿ ಒಂದು ಕತೆ ಹೇಳುತ್ತಾರೆ. ಕತೆ ಏನೇ ಇರಲಿ, ಅಂಚನ್ನು ಆ ಬಟನ್ನಿನ ಹತ್ತಿರ ಹೊರಕ್ಕೆ ತಿರುಗಿಸಿಯೇ ಕತ್ತರಿಸಿರುತ್ತಾರೆ. ಮೇಲಿನ ಬಟನ್‌ಗಳ ಸುತ್ತ ಎಕ್ಸ್ ಆಕಾರದ ಸುಕ್ಕು ಬಂದರೆ ಮಾತ್ರ ಸುತ್ತಳತೆ ಬಿಗಿ. ಎದೆಯ ಅಳತೆಗಿಂತ ಎರಡರಿಂದ ಮೂರು ಇಂಚು ಬಿಡುವು ಇರಬೇಕು. ಪಕ್ಕದಲ್ಲೂ ಬೆನ್ನಿನ ನಡು ಹೊಲಿಗೆಯಲ್ಲೂ ಹಂಚಿ ಬಿಡಿ, ಒಂದೇ ಕಡೆ ಬಿಟ್ಟರೆ ಜೇಬುಗಳು ಜಾಗ ತಪ್ಪುತ್ತವೆ.

ಬೆನ್ನು, ಬೆಲ್ಟ್, ಕುತ್ತಿಗೆ

ಬೆನ್ನಿನ ಬೆಲ್ಟು ಬರುವ ಮುಂಚೆ ಅಲ್ಲಿ ಲಾಡಿ ಕಟ್ಟುತ್ತಿದ್ದರು. ಎರಡೂ ಇರುವುದು ಸೊಂಟದ ಹತ್ತಿರ ಒಂಚೂರು ಸೇರಿಸಲು. ಫಿಟ್ಟಿಂಗ್ ತಪ್ಪಿದ ವೇಸ್ಟ್‌ಕೋಟನ್ನು ಬೆಲ್ಟ್ ಎಳೆದು ಸರಿ ಮಾಡಲು ಹೋದರೆ ಬೆನ್ನಿನಲ್ಲಿ ನೆರಿಗೆ ಬೀಳುತ್ತದೆ, ಪಕ್ಕದ ಹೊಲಿಗೆಯಲ್ಲಿ ಲೈನಿಂಗಿನ ಎಳೆ ಸರಿದು ಜಾಲರಿ ಆಗುತ್ತದೆ, ಆಮೇಲೆ ಹರಿಯುತ್ತದೆ. ಹಾಗೆ ಎಳೆ ಸರಿದ ಕಡೆ ಬರೀ ಮತ್ತೆ ಹೊಲಿದರೆ ನಿಲ್ಲುವುದಿಲ್ಲ. ಒಳಗೆ ಹತ್ತಿ ಟೇಪು ಇಟ್ಟು ಹೊಲಿದು, ಬೆಲ್ಟ್ ಯಾಕೆ ಎಳೆಯಬೇಕಾಯಿತು ಅಂತ ಹುಡುಕಿ.

ಹಿಂದಿನ ಕುತ್ತಿಗೆ ಶರ್ಟಿನ ಕಾಲರಿಗೆ ಅಂಟದೆ ದೂರ ನಿಂತರೆ ಮೊದಲು ಭುಜದ ಇಳಿಜಾರು ನೋಡಿ. ಭುಜ ಚೌಕ ಇರುವವರಿಗೆ ಹೊರ ತುದಿಯಲ್ಲಿ ಬಿಗಿಯಾಗಿ ಕುತ್ತಿಗೆ ಎದ್ದು ನಿಲ್ಲುತ್ತದೆ. ಭುಜ ಇಳಿಜಾರಾಗಿದ್ದರೆ ಕುತ್ತಿಗೆಯಿಂದ ಕಂಕುಳ ಕಡೆಗೆ ಓರೆ ಸುಕ್ಕು ಬಿದ್ದು ಆರ್ಮ್‌ಹೋಲ್ ಬಾಯಿ ಬಿಡುತ್ತದೆ. ಎರಡಕ್ಕೂ ಭುಜದ ಹೊರ ತುದಿಯಲ್ಲೇ ಕೆಲಸ. ಭುಜ ಸರಿ ಇದ್ದರೆ ಕುತ್ತಿಗೆ ಪಟ್ಟಿ ನೋಡಿ. ಹಳೇ ಪದ್ಧತಿಯಲ್ಲಿ ಮುಂಭಾಗದ ಬಟ್ಟೆಯನ್ನೇ ಸಣ್ಣ ಪಟ್ಟಿಯಾಗಿ ಹಿಂದಕ್ಕೆ ತಂದು ಸೇರಿಸುತ್ತಾರೆ, ಲೈನಿಂಗ್ ಕಾಲರಿನ ಮೇಲೆ ಜಾರಬಾರದು ಅಂತ. ಆ ಪಟ್ಟಿಯ ಕೆಳ ಅಂಚನ್ನು ಇಸ್ತ್ರಿಯಲ್ಲಿ ಹಿಗ್ಗಿಸಿ ಬಾಗಿಸಿರಬೇಕು. ನೇರ ಪಟ್ಟಿಯನ್ನು ಹಾಗೇ ಹೊಲಿದರೆ ಅದು ಕುತ್ತಿಗೆ ಸುತ್ತ ಬಾಗುವುದಿಲ್ಲ.

ಗುಳ್ಳೆ

ಡ್ರೈಕ್ಲೀನಿಂಗ್ ಆದ ಮೇಲೆ ಎದೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದರೆ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಉಜ್ಜಿ ನೋಡಿ. ಪದರಗಳು ಒಂದರ ಮೇಲೊಂದು ಜಾರಿದರೆ ಒಳಗೆ ಹೊಲಿದ ಕ್ಯಾನ್ವಾಸ್ ಇದೆ. ಜಾರದೆ ಒಂದೇ ರಟ್ಟಿನ ಹಾಗಿದ್ದರೆ ಅದು ಪೇಸ್ಟಿಂಗ್, ಅಂದರೆ ಹೊಲಿಯದೆ ಬಿಸಿಯಲ್ಲಿ ಅಂಟಿಸಿದ ಒಳಬಟ್ಟೆ. ಅದರ ಅಂಟು ಅಲ್ಲಲ್ಲಿ ಬಿಟ್ಟಿದೆ. ಒದ್ದೆ ಬಟ್ಟೆ ಹಾಸಿ ಬಿಸಿ ಒತ್ತಿದರೆ ಕೆಲವು ಸಲ ಕೂರುತ್ತದೆ, ಆದರೆ ಮುಂದಿನ ಡ್ರೈಕ್ಲೀನಿಂಗ್ ತನಕ ಮಾತ್ರ. ನಾನು ಹಾಗೆ ಒತ್ತಿ ಕೊಟ್ಟಾಗ ಬಿಲ್ಲಿನ ಮೇಲೆ ಅದನ್ನು ಬರೆದೇ ಕೊಡುತ್ತೇನೆ.

ಹೊಲಿದ ಕ್ಯಾನ್ವಾಸಿದ್ದೂ ಮುಂದಿನ ಅಂಚು ನೆರಿಗೆ ಹಿಡಿದರೆ ಕ್ಯಾನ್ವಾಸೋ ಟೇಪೋ ಒಳಗೆ ಕುಗ್ಗಿದೆ. ಎರಡನ್ನೂ ಕತ್ತರಿಸುವ ಮುಂಚೆ ರಾತ್ರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ. ನನ್ನ ಅಂಗಡಿಯಲ್ಲಿ ನಾರಿನ ಟೇಪಿನ ಸುರುಳಿಯನ್ನು ತಂದ ದಿನವೇ ಬಕೆಟ್ಟಿಗೆ ಹಾಕುತ್ತೇವೆ.

ಬಿಚ್ಚುವ ಮುಂಚೆ ಗೊತ್ತಿರಲಿ

ಕೆಲವನ್ನು ಸರಿಪಡಿಸಲು ಆಗುವುದಿಲ್ಲ. ಆರ್ಮ್‌ಹೋಲ್ ಆಳಕ್ಕೆ ಕತ್ತರಿಸಿ ಶರ್ಟಿನ ಪಕ್ಕ ಕಾಣುತ್ತಿದ್ದರೆ ಬಟ್ಟೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಭುಜದಲ್ಲಿ ಹಿಡಿದು ಇಡೀ ವೇಸ್ಟ್‌ಕೋಟನ್ನು ಮೇಲೆತ್ತಬಹುದು, ಆದರೆ ಕೆಳಗೆ ಉದ್ದ ಇದ್ದರೆ ಮಾತ್ರ. ವಿ ಕುತ್ತಿಗೆ ತುಂಬಾ ಕೆಳಗೆ ಇಳಿದಿದ್ದರೂ ಅಷ್ಟೇ. ಭುಜ ಕೋಟಿನ ಭುಜಕ್ಕಿಂತ ಅಗಲ ಆಗಿ ತೋಳಿನ ಹೊಲಿಗೆಗೆ ಒತ್ತುತ್ತಿದ್ದರೆ ಮಾತ್ರ ಧೈರ್ಯವಾಗಿ ಬಿಚ್ಚಿ. ಅಗಲ ಕಮ್ಮಿ ಮಾಡುವುದು ಸುಲಭ.

ಸರಿಪಡಿಸಿದ ಮೇಲೆ ಅವತ್ತೇ ಕೊಡಬೇಡಿ. ಅಗಲ ಭುಜದ ಹ್ಯಾಂಗರಿಗೆ ಹಾಕಿ ಒಂದು ರಾತ್ರಿ ಬಿಡಿ. ಇಸ್ತ್ರಿಯ ಬಿಸಿಯಲ್ಲಿ ಬಟ್ಟೆ ಯಾವ ಆಕಾರಕ್ಕೂ ಒಪ್ಪಿದ ಹಾಗೆ ಕಾಣುತ್ತದೆ, ತಣ್ಣಗಾದ ಮೇಲೆ ತನ್ನ ನಿಜ ಹೇಳುತ್ತದೆ. ಬೆಳಿಗ್ಗೆ ಮತ್ತೆ ಮೇಜಿನ ಮೇಲೆ ಮಲಗಿಸಿ ನೋಡಿ. ಆ ಹುಡುಗನದನ್ನು ನೋಡಿದಾಗ ಎಡಗಡೆ ಭುಜದಲ್ಲಿ ಒಂದು ಸಣ್ಣ ಸೆಳೆತ ಉಳಿದಿತ್ತು. ಅರ್ಧ ಇಂಚು ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಸಂಜೆ ಅವರಪ್ಪ ಬಂದು ತಗೊಂಡು ಹೋದರು. ಅಳತೆ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕ ಹೀಗೆ ಬರೆದಿಟ್ಟಿದ್ದೇನೆ: ಬೆನ್ನು ಗುಂಡು, ಹಿಂದೆ 1/4 ಬಿಡು, ಮುಂದೆ 3/8 ಹಿಡಿ.